ಚಿತ್ರಹಿಂಸೆಯ ವಿಚಾರಣೆ: ಎರಡು ವರದಿಗಳ ವಿಮರ್ಶೆ

ಚಿತ್ರಹಿಂಸೆಯು ಸರಿಯೆಂದು ಬಾಯಿಬಿಟ್ಟು ಹೇಳುವ ಆಡಳಿತಗಳು ಆಧುನಿಕ ಕಾಲದಲ್ಲಿ ವಿರಳ. ಹಿಂಸಿಸಿದ ಕೈಯನ್ನು ಖಂಡಿಸಿ, ಅದರಿಂದ ಬಂದ ಹಣವನ್ನು ಸ್ವೀಕರಿಸುವುದೇ ಅವುಗಳ ರೂಢಿ. ಸಮರ್ಥನೆಯ ಈ ಪರೋಕ್ಷ ರೀತಿಯನ್ನು ಅರಿಯಲು ಕಳೆದ ಶತಮಾನಕ್ಕೂ ಹಿಂದಿನ ಎರಡು ವರದಿಗಳನ್ನು ಜೊತೆಗಿಟ್ಟು ಓದಬೇಕು.

ಮೊದಲನೆಯದು, 1830-31ರ ನಗರದ ದಂಗೆಯನ್ನು ಕುರಿತು 1833ರಲ್ಲಿ ಸಿದ್ಧವಾದ ವರದಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಸೀಮೆಯು ದಂಗೆಯ ಬಿಸಿಯನ್ನು ಕಂಡ ನೆಲ. ಹೊನ್ನಾಳಿಯಲ್ಲಿ ಕಾದಾಟವೇ ನಡೆಯಿತು. ರೈತರ ಸಂಕಟಕ್ಕೆ ಮುಖ್ಯ ಕಾರಣಗಳಲ್ಲೊಂದು ಶರ್ತಿ ಪದ್ಧತಿ. ಇಂತಿಷ್ಟು ಕಂದಾಯವನ್ನು ಸಲ್ಲಿಸುವೆನೆಂದು ಅಮಲ್ದಾರನು ಕರಾರು ಬರೆದುಕೊಡಬೇಕು; ಕೊರತೆ ಬಿದ್ದರೆ ತಾನೇ ತುಂಬಬೇಕು. ಅವನು ರೈತನನ್ನು ಹಿಂಡದೆ ಉಳಿಯುವಂತಿರಲಿಲ್ಲ. ಆದರೆ ಅರಮನೆಯ ಮೇಲೂ ಒಂದು ಕರಾರಿತ್ತು: 1799ರ ಒಪ್ಪಂದದಂತೆ ಕಂಪನಿಗೆ ವರ್ಷವರ್ಷವೂ 7 ಲಕ್ಷ ವರಹ ಸಲ್ಲಬೇಕು. 1831ರಲ್ಲಿ ಬೆಂಟಿಂಕನು ದುರಾಡಳಿತದ ಕಾರಣವೊಡ್ಡಿ ಮೈಸೂರಿನ ಆಡಳಿತವನ್ನು ವಹಿಸಿಕೊಂಡನು. ಕಂಪನಿಗೆ ಸಲ್ಲುವ ಹಣವಾದರೋ ನಿಲ್ಲಲಿಲ್ಲ.

ಎರಡನೆಯದು, 1855ರ ಮದರಾಸು ಚಿತ್ರಹಿಂಸಾ ಆಯೋಗದ ವರದಿ. ಮೈಸೂರು ಸೀಮೆಯ ಜಗಳೂರಿನ ಆಚೆಗಿದ್ದ ಬಳ್ಳಾರಿ ಜಿಲ್ಲೆಯು ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ದೂರಲು ರಾಜನಿರಲಿಲ್ಲ, ಕಂಪನಿಯೇ ದೊರೆ. 1854ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ವಾದ ಎದ್ದ ಮೇಲೆ ನೇಮಕವಾದ ಈ ಆಯೋಗವು, ಕಂದಾಯ ವಸೂಲಿಗೂ ಪೊಲೀಸ್ ತಪ್ಪೊಪ್ಪಿಗೆಗೂ ಹಿಂಸೆ ಬಳಕೆಯಲ್ಲಿದೆಯೆಂದು ಒಪ್ಪಿತು. ಬೆರಳುಗಳನ್ನು ಅದುಮುವ ಕಿಟ್ಟಿ, ದೇಹವನ್ನು ಬಗ್ಗಿಸಿ ಬಿಗಿಯುವ ಹಗ್ಗ, ಇವೆಲ್ಲ ಅದರಲ್ಲಿ ದಾಖಲಾಗಿವೆ. ಇಷ್ಟು ಸತ್ಯವನ್ನು ನುಡಿದುದು ಅದರ ಹಿರಿಮೆ. ಆದರೆ ತಪ್ಪೆಲ್ಲ ದೇಶೀಯ ನೌಕರರದು, ಯುರೋಪಿಯನ್ ಅಧಿಕಾರಿಗಳದಲ್ಲ ಎಂಬುದು ಅದರ ನಿಲುವು. ನೌಕರನು ವಸೂಲಿ ಮಾಡಿದ ಹಣ ಯಾರ ಬೊಕ್ಕಸಕ್ಕೆ ಸಂದಿತೆಂಬ ಪ್ರಶ್ನೆಯನ್ನು ಅದು ಬೆನ್ನಟ್ಟಲಿಲ್ಲ.

ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂಬ ವಿಧಿಯನ್ನು 1872ರ ಸಾಕ್ಷ್ಯ ಅಧಿನಿಯಮವೂ ಒಳಗೊಂಡಿತು. 2023ರ ಹೊಸ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಪೊಲೀಸರ ಮೇಲಣ ಈ ಅಪನಂಬಿಕೆ ಕಾನೂನಿನಲ್ಲಿಯೇ ಉಳಿದಿರುವುದು ವಿಚಾರಾರ್ಹ. ಹಿಂಸೆಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಯು ಕಿಟ್ಟಿ ಹಾಕಿದವನಾರೆಂದು ಕೇಳಿದರೆ ಸಾಲದು. ಯಾರ ಕರಾರು ತುಂಬಲು ಹಾಕಿದನೆಂದೂ ಕೇಳಬೇಕು.