ವಠಾರದ ನಗೆಗಾರ

ಚಿತ್ರನಿರ್ದೇಶಕ ಫಣಿ ರಾಮಚಂದ್ರರ ಹಾಸ್ಯದ ಬೇರು ಇರುವುದು ವಠಾರದಲ್ಲಿ. 1990ರ ‘ಗಣೇಶನ ಮದುವೆ’ಯನ್ನೇ ನೋಡಿ. ಬಾಡಿಗೆದಾರ ಗಣೇಶನಿಗೂ ಮಾಲೀಕರ ಮಗಳು ಆದಿಲಕ್ಷ್ಮಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಅದೇ ಗಣೇಶ, ಮುಖವನ್ನೇ ಕಾಣದ ಗಾಯಕಿ ಶ್ರುತಿಗೆ ಮನಸೋತು ಪತ್ರ ಬರೆಯುತ್ತಾನೆ. ಆ ಶ್ರುತಿ ಬೇರಾರೂ ಅಲ್ಲ, ಆದಿಲಕ್ಷ್ಮಿಯೇ! ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಷ್ಟೇ ಬಂಡವಾಳ. ಗಣೇಶನಾಗಿ ಅನಂತ್ ನಾಗ್, ಆದಿಲಕ್ಷ್ಮಿಯಾಗಿ ವಿನಯಾ ಪ್ರಸಾದ್ ಎಷ್ಟು ಗಂಭೀರವಾಗಿ ಜಗಳಕ್ಕಿಳಿದರೆ ನಮಗೆ ಅಷ್ಟು ನಗು. ಮರುವರ್ಷದ ‘ಗೌರಿ ಗಣೇಶ’ ಇನ್ನೂ ಧೈರ್ಯದ್ದು. ಸತ್ತವಳ ಡೈರಿ ಹಿಡಿದು ಗಂಡಸರಿಂದ ಹಣ ಕೀಳುವ ವಂಚಕನ ಕಥೆಯನ್ನು ಮನೆಮಂದಿಯೆಲ್ಲ ಕೂತು ನೋಡುವಂತೆ ಮಾಡುವುದೆಂದರೆ ಹುಡುಗಾಟವೇ? ಕಿರುತೆರೆಗೆ ಬಂದಾಗ ‘ದಂಡಪಿಂಡಗಳು’ ಧಾರಾವಾಹಿಯಲ್ಲಿ ನಿರುದ್ಯೋಗಿ ಹುಡುಗರನ್ನೇ ನಾಯಕರನ್ನಾಗಿಸಿದರು. ಅದೂ ಜನಪ್ರಿಯವಾಯಿತು. ಆದರೂ ನನ್ನ ಓಟು ‘ಗಣೇಶನ ಮದುವೆ’ಗೇ.