ಬೇರು ನೋಡಿ ಕುಂಡ

ಉಡುಗೊರೆಯಾಗಿ ಬರುವ ಫೆಲನಾಪ್ಸಿಸ್ ಆರ್ಕಿಡ್ ಬಹುಮಟ್ಟಿಗೆ ಹೊಳೆಯುವ ಪಿಂಗಾಣಿ ಕುಂಡದಲ್ಲಿ ಕೂತಿರುತ್ತದೆ. ಆ ಕುಂಡದ ತಳದಲ್ಲಿ ತೂತಿರುವುದಿಲ್ಲ. ಒಳಗಿನ ಪ್ಲಾಸ್ಟಿಕ್ ಕುಂಡದಿಂದ ಇಳಿದ ನೀರು ಅಲ್ಲೇ ನಿಂತು, ಹೂ ಉದುರುವ ಹೊತ್ತಿಗೆ ಬೇರು ಕೊಳೆತಿರುತ್ತದೆ. ನೀರೆಳೆಯುವ ಬೇರೇ ಇಲ್ಲವಾದಾಗ ಎಲೆ ಸುಕ್ಕುಗಟ್ಟುತ್ತದೆ. ಬಾಯಾರಿದೆ ಎಂದುಕೊಂಡು ಮನೆಯವರು ಇನ್ನೆರಡು ಲೋಟ ನೀರು ಹಾಕುತ್ತಾರೆ. ಗಿಡ ಹೋದ ಮೇಲೆ ‘ಆರ್ಕಿಡ್ ಬಲು ನಾಜೂಕು, ನಮ್ಮ ಮನೆಗೆ ಆಗಿಬರೋದಿಲ್ಲ’ ಎಂಬ ತೀರ್ಪು. ಇದು ಗಿಡಕ್ಕೆ ಮಾಡಿದ ಅನ್ಯಾಯ. ತಪ್ಪು ಇರುವುದು ಕುಂಡವನ್ನು ಆರಿಸುವ ನಮ್ಮ ರೂಢಿಯಲ್ಲಿ.

ಇಂಥ ಆರ್ಕಿಡ್‌ಗೆ ಮಣ್ಣು ಬೇಡವೆಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಿಲ್ಲ. ಹಲಸಿನ, ಮಾವಿನ ಕೊಂಬೆಗೆ ಅಂಟಿಕೊಂಡು ಗೊಂಚಲು ಇಳಿಬಿಡುವ ಸೀತಾಳೆ ದಂಡೆ ಎಂಬ ಆರ್ಕಿಡ್ ಹಿಡಿ ಮಣ್ಣನ್ನೂ ಬೇಡುವುದಿಲ್ಲ. ಮರದಿಂದ ಅದು ಆಹಾರ ಕದಿಯುವುದೂ ಇಲ್ಲ, ತೊಗಟೆ ಬರಿಯ ಆಸರೆ. ಅದರ ಬೇರಿನ ಸುತ್ತ ಸತ್ತ ಜೀವಕೋಶಗಳ ಸ್ಪಂಜಿನಂಥ ಹೊದಿಕೆಯೊಂದಿದೆ. ಸಸ್ಯಶಾಸ್ತ್ರದಲ್ಲಿ ಇದಕ್ಕೆ ವೆಲಮೆನ್ ಎನ್ನುತ್ತಾರೆ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ಮಳೆ ಬಿದ್ದರೆ ಸಾಕು, ಹೊದಿಕೆ ನೀರು ಹೀರಿ ಪಾರದರ್ಶಕವಾಗುತ್ತದೆ, ಒಳಗಿನ ಹಸಿರು ಕಾಣುತ್ತದೆ. ನೆನೆಯುವುದು, ಆರುವುದು, ಮತ್ತೆ ನೆನೆಯುವುದು, ಇದೇ ಆ ಬೇರಿನ ಬದುಕು. ಪಶ್ಚಿಮ ಘಟ್ಟದಲ್ಲಿರುವ ಟೇನಿಯೊಫಿಲ್ಲಮ್ ಎಂಬ ಪುಟ್ಟ ಆರ್ಕಿಡ್‌ಗಂತೂ ಎಲೆಯೇ ಇಲ್ಲ, ಬೇರೇ ಬಿಸಿಲಿಗೆ ಮೈಯೊಡ್ಡಿ ಆಹಾರ ತಯಾರಿಸುತ್ತದೆ. ಇಂಥ ಬೇರನ್ನು ಕೆಮ್ಮಣ್ಣು, ಗೊಬ್ಬರ ತುಂಬಿದ ಕುಂಡದಲ್ಲಿ ಹೂಳುವುದೆಂದರೆ ಉಸಿರುಗಟ್ಟಿಸುವುದು.

ಹಾಗಾಗಿ ಕುಂಡವನ್ನು ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ: ನೀರು ಹಾಕಿದ ಮೇಲೆ ಇದರ ನಡುಭಾಗ ಎಷ್ಟು ಬೇಗ ಆರುತ್ತದೆ? ಮಣ್ಣಿನ ಕುಂಡ ಗೋಡೆಯ ಮೂಲಕವೇ ತೇವ ಬಿಡುತ್ತದೆ. ಕರಾವಳಿಯ ಜಿಟಿಜಿಟಿ ಮಳೆಗಾಲದಲ್ಲಿ, ಬದಿಗಳಲ್ಲೂ ತೂತಿದ್ದರೆ, ಅದಕ್ಕಿಂತ ಒಳ್ಳೆಯದಿಲ್ಲ. ಅದೇ ಕುಂಡ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಬೇರನ್ನು ಒಣಗಿಸಿಬಿಡುತ್ತದೆ, ಅಲ್ಲಿ ಪ್ಲಾಸ್ಟಿಕ್ಕೇ ಮೇಲು. ಮಣ್ಣಿನ ಕುಂಡಕ್ಕೆ ಇನ್ನೊಂದು ದೋಷವಿದೆ: ಬೇರು ಗೋಡೆಗೆ ಗಟ್ಟಿಯಾಗಿ ಅಂಟುತ್ತದೆ, ಬಿಡಿಸಹೋದರೆ ಹರಿಯುತ್ತದೆ. ಅಂಥಲ್ಲಿ ಕುಂಡವನ್ನೇ ಒಡೆದು, ಅಂಟಿದ ಚೂರುಗಳ ಸಮೇತ ಹೊಸದರಲ್ಲಿ ಕೂರಿಸುವುದು ವಾಸಿ.

ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ಹೊಗಳುವವರು ಬೇರಿಗೆ ಬೆಳಕು ಬೇಕೇ ಬೇಕು ಎನ್ನುತ್ತಾರೆ. ಈ ವಾದ ಅತಿಯಾಯಿತು. ಅಗಲ ಎಲೆಯ ಫೆಲನಾಪ್ಸಿಸ್‌ನ ಊಟ ಮುಖ್ಯವಾಗಿ ಎಲೆಯಲ್ಲೇ ತಯಾರಾಗುತ್ತದೆ, ಬೆಳಕು ಬಿದ್ದ ಕುಂಡದೊಳಗೆ ಪಾಚಿಯೂ ಕಟ್ಟುತ್ತದೆ. ಆದರೂ ಹೊಸದಾಗಿ ಬೆಳೆಸುವವರಿಗೆ ನಾನು ಈ ಕುಂಡವನ್ನೇ ಹೇಳುವುದು, ಕಾರಣ ಬೇರೆ: ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಬೇರು ಬೆಳ್ಳಗಿದ್ದರೆ ನೀರು ಹಾಕಿ, ಹಸಿರಾಗಿದ್ದರೆ ಸುಮ್ಮನಿರಿ, ಕಂದಾಗಿ ಮೆತ್ತಗಾಗಿದ್ದರೆ ಗಿಡವನ್ನು ಹೊರತೆಗೆಯಿರಿ. ‘ವಾರಕ್ಕೊಮ್ಮೆ ನೀರು’ ಎಂಬ ಕುರುಡು ನಿಯಮದಿಂದ ಬಿಡುಗಡೆ ಸಿಗುವುದು ಇಲ್ಲಿಯೇ.

ಗಾತ್ರದ ವಿಷಯದಲ್ಲಿ ನಮ್ಮ ಔದಾರ್ಯ ಗಿಡಕ್ಕೆ ಕುತ್ತು. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹಂಚಿನ ಚೂರು ತುಂಬಿದ ದೊಡ್ಡ ಕುಂಡದಲ್ಲಿ ಬೇರು ತಲುಪದ ಜಾಗವೆಲ್ಲ ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಬೇರಿನ ಗಂಟು ಹಿಡಿಸಿ, ಸುತ್ತ ಬೆರಳಗಲ ಜಾಗವಿದ್ದರೆ ಸಾಕು. ಡೆಂಡ್ರೋಬಿಯಂ, ಕ್ಯಾಟ್ಲಿಯಾಗಳು ಪಕ್ಕಕ್ಕೆ ತೆವಳುತ್ತ ಹೊಸ ಕಾಂಡ ಹೊರಡಿಸುವಂಥವು. ಹಳೆಯ ಕಾಂಡವನ್ನು ಅಂಚಿಗೆ ತಳ್ಳಿ, ಬೆಳೆಯುವ ಬದಿಗೆ ಜಾಗ ಬಿಡಬೇಕು. ವಾಂಡಾಕ್ಕೆ ಮರದ ಪಟ್ಟಿಗಳ ಬುಟ್ಟಿ ಸಾಕು, ಒಳಗೆ ಏನೂ ತುಂಬದಿದ್ದರೂ ನಡೆಯುತ್ತದೆ, ದಿನವೂ ನೆನೆಸಬೇಕು ಅಷ್ಟೆ.

ಕುಂಡದಾಚೆ ಚಾಚಿದ ಬೇರುಗಳನ್ನು ಅಂದಗೆಟ್ಟವೆಂದು ಕತ್ತರಿಸುವ ಚಟ ಮಾತ್ರ ನನಗೆ ಸಹಿಸಲಾಗದು. ಅವು ಆರೋಗ್ಯದ ಗುರುತು, ಕುಂಡ ಸಾಲುತ್ತಿಲ್ಲವೆಂಬ ದೂರಲ್ಲ. ಕುಂಡ ಬದಲಿಸಬೇಕಾದದ್ದು ಒಳಗಿನ ಸಿಪ್ಪೆ ಕೊಳೆತು ಪುಡಿಯಾದಾಗ, ಸುಮಾರು ಎರಡು ವರ್ಷಕ್ಕೊಮ್ಮೆ. ಹೂ ಮುಗಿದು ಹೊಸ ಬೇರಿನ ಹಸಿರು ತುದಿ ಇಣುಕುವಾಗ ಮಾಡಿದರೆ ಗಿಡ ಬೇಗ ಹೊಸ ಜಾಗಕ್ಕೆ ಒಗ್ಗುತ್ತದೆ. ಆ ತುದಿ ಮುರಿಯದಂತೆ ನೋಡಿಕೊಳ್ಳಿ, ಬೇರು ಉದ್ದ ಬೆಳೆಯುವುದು ಅಲ್ಲಿಂದಲೇ.