ಬಡಿತದ ವೇಗ ಕೇಳಿ

1878ರಲ್ಲಿ ಫ್ರೆಂಚ್ ಎಂಜಿನಿಯರ್ ಆನ್ರಿ ತ್ರೆಸ್ಕಾ ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದ. ಪ್ಲಾಟಿನಂ–ಇರಿಡಿಯಂ ಸರಳೊಂದನ್ನು ಹಬೆಯ ಸುತ್ತಿಗೆಯಡಿ ಬಡಿಯುತ್ತಿದ್ದರು. ಸರಳು ಆರುತ್ತ ಬಂದು ಅದರ ಕೆಂಪು ಆಗಷ್ಟೇ ಮಾಸಿತ್ತು. ಆದರೂ ಏಟು ಬಿದ್ದಾಗಲೆಲ್ಲ ಅದರ ಬದಿಯಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಗೆರೆಗಳು ಹೊಳೆಯುತ್ತಿದ್ದವು. ಕುಲುಮೆಯಿಂದ ಬರದ ಬಿಸಿ ಏಟಿನಿಂದಲೇ ಬಂದಿತ್ತು, ಅದೂ ಸರಳಿನ ಮೈತುಂಬ ಹರಡದೆ ಆ ಗೆರೆಗಳಲ್ಲಿ ಮಾತ್ರ.

ಕಬ್ಬಿಣವನ್ನು ಕಾದಾಗಲೇ ಬಡಿಯಬೇಕು ಎನ್ನುವ ಗಾದೆ ಬಿಸಿಯ ಮಾತನ್ನಷ್ಟೇ ಹೇಳಿ, ಎಷ್ಟು ಬೇಗ ಬಡಿಯಬೇಕೆಂಬುದನ್ನು ಕಮ್ಮಾರನ ತೋಳಿಗೆ ಬಿಟ್ಟುಬಿಟ್ಟಿದೆ. ಅವನಿಗೆ ಅದು ಸಾಕಿತ್ತು. ಸಾದಾ ಉಕ್ಕು ಉದಾರಿ. ಹಳದಿಗೆ ಕಾಯಿಸಿದರೆ ಮೆಲ್ಲಗೆ ಒತ್ತಿದರೂ ಬಗ್ಗುತ್ತದೆ, ಬೀಸಿ ಹೊಡೆದರೂ ಬಗ್ಗುತ್ತದೆ. ಟೈಟಾನಿಯಂ, ನಿಕ್ಕಲ್ ಮಿಶ್ರಲೋಹಗಳಿಗೆ ಆ ಔದಾರ್ಯವಿಲ್ಲ. ಫೋರ್ಜಿಂಗ್, ಅಂದರೆ ಲೋಹವನ್ನು ಬಡಿದು ಒತ್ತಿ ರೂಪಿಸುವ ಕಲೆಯ ಸಂಶೋಧನೆಯ ರುಚಿ ಹತ್ತಿದವರು ಗಾದೆ ಹೇಳದೆ ಬಿಟ್ಟ ಆ ವೇಗದ ಬೆನ್ನು ಹತ್ತುವುದು ಅದಕ್ಕೇ.

ಲೋಹವನ್ನು ವಿರೂಪಗೊಳಿಸಲು ವ್ಯಯಿಸಿದ ಶ್ರಮದ ಬಹುಪಾಲು ಅದರೊಳಗೆ ಶಾಖವಾಗುತ್ತದೆಂದು ಕೇಂಬ್ರಿಜ್‌ನ ಜಿ.ಐ. ಟೇಲರ್ ಮತ್ತು ಎಚ್. ಕ್ವಿನಿ 1934ರಲ್ಲಿ ಅಳೆದು ತೋರಿಸಿದರು. ನಿಧಾನವಾಗಿ ಒತ್ತಿದರೆ ಆ ಶಾಖ ಅಕ್ಕಪಕ್ಕಕ್ಕೆ ಹರಿದುಹೋಗುತ್ತದೆ. ಬಿರುಸಾಗಿ ಹೊಡೆದರೆ ಹರಿಯಲು ಪುರಸೊತ್ತಿಲ್ಲ. ಬಿಸಿಯಾದ ಕಡೆ ಲೋಹ ಮೆತ್ತಗಾಗುತ್ತದೆ, ಮೆತ್ತಗಾದ ಕಡೆಯೇ ಇನ್ನಷ್ಟು ಜಾರುತ್ತದೆ, ಜಾರಿದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಕೊನೆಗೆ ಇಡೀ ವಿರೂಪವೆಲ್ಲ ಒಂದು ಸಪೂರ ಪಟ್ಟಿಯೊಳಗೆ ತುಂಬಿಕೊಳ್ಳುತ್ತದೆ. ಶಾಖವನ್ನು ಬೇಗ ಸಾಗಿಸುವ ತಾಮ್ರಕ್ಕೆ ಈ ಕಾಟ ಕಡಿಮೆ. ಸಾಗಿಸಲು ತಿಣುಕುವ ಟೈಟಾನಿಯಂಗೆ ಬಹಳ. ಹೊರಗಿನಿಂದ ನೋಡಿದರೆ ಬಿಡಿಭಾಗ ಅಚ್ಚುಕಟ್ಟಾಗಿಯೇ ಇರುತ್ತದೆ. ಮುಂದೆ ಬಿರುಕು ಹುಟ್ಟುವ ಜಾಗ ಮಾತ್ರ ಒಳಗೆ ಆಗಲೇ ಸಿದ್ಧವಾಗಿರುತ್ತದೆ.

ಹೊಸ ಮಿಶ್ರಲೋಹದ ಸ್ವಭಾವ ಅರಿಯಲು ದೊಡ್ಡ ಬಿಲೆಟ್ (ಲೋಹದ ದಿಮ್ಮಿ) ಬೇಕಿಲ್ಲ. 10 ಮಿ.ಮೀ. ವ್ಯಾಸ, 15 ಮಿ.ಮೀ. ಎತ್ತರದ ತುಂಡು ಸಾಕು. ಅದರ ನಡುವಿಗೆ ಸಣ್ಣ ರಂಧ್ರ ಕೊರೆದು ಬಿಸಿ ಅಳೆಯುವ ಥರ್ಮೋಕಪಲ್ ತೂರಿಸುತ್ತಾರೆ. ಎರಡೂ ತುದಿಗೆ ಗ್ರ್ಯಾಫೈಟ್ ಅಥವಾ ಗಾಜಿನ ಪೇಸ್ಟ್ ಬಳಿಯುತ್ತಾರೆ. ಬಳಿಯದಿದ್ದರೆ ತುದಿಗಳು ಕಚ್ಚಿಕೊಂಡು ಹೊಟ್ಟೆ ಉಬ್ಬಿ ಅಳತೆ ಕೆಡುತ್ತದೆ. ಕುಲುಮೆಯೊಳಗೇ ಇಟ್ಟು ಒತ್ತುವಾಗ, ತುಂಡು ಕುಗ್ಗಿದಂತೆಲ್ಲ ಒತ್ತುವ ತಲೆಯೂ ನಿಧಾನವಾಗುತ್ತ ಬರಬೇಕು. ಆಗ ಮಾತ್ರ ಸ್ಟ್ರೇನ್ ರೇಟ್, ಅಂದರೆ ವಿರೂಪದ ದರ, ಒಂದೇ ಸಮ ಉಳಿಯುತ್ತದೆ. ಈ ದರವನ್ನು ಸೆಕೆಂಡಿಗೆ 0.001ರಿಂದ 100ರವರೆಗೆ ಹತ್ತು ಪಟ್ಟಿನ ಮೆಟ್ಟಿಲುಗಳಲ್ಲಿ ಏರಿಸುತ್ತಾರೆ. ತಳದ ಮೆಟ್ಟಿಲಲ್ಲಿ ತುಂಡಿನ ಎತ್ತರ ಅರ್ಧಕ್ಕಿಳಿಯಲು ಸುಮಾರು 12 ನಿಮಿಷ ಹಿಡಿಯುತ್ತದೆ. ತುದಿಯ ಮೆಟ್ಟಿಲಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಒತ್ತಿದ ಕೂಡಲೇ ನೀರಿಗೆ ಹಾಕಬೇಕು. ತಡಮಾಡಿದರೆ ಬಿಸಿಯಲ್ಲಿ ಹರಳುಕಣಗಳು ಬೆಳೆದು, ಒತ್ತುವಾಗ ನಡೆದದ್ದರ ಸಾಕ್ಷ್ಯವನ್ನೇ ಅಳಿಸುತ್ತವೆ.

ಹೀಗೆ ಸಿಕ್ಕ ಅಂಕಿಗಳನ್ನು ನಕ್ಷೆಯಾಗಿಸುವ ವಿಧಾನಕ್ಕೂ ನಮ್ಮ ಬೆಂಗಳೂರಿಗೂ ಹತ್ತಿರದ ನಂಟಿದೆ. ವೈ.ವಿ.ಆರ್.ಕೆ. ಪ್ರಸಾದ್, ಎಚ್.ಎಲ್. ಗೆಗೆಲ್ ಮೊದಲಾದವರು 1984ರಲ್ಲಿ ಒಂದು ಟೈಟಾನಿಯಂ ಮಿಶ್ರಲೋಹಕ್ಕೆ ಇಂಥ ‘ಪ್ರೊಸೆಸಿಂಗ್ ಮ್ಯಾಪ್’ ರಚಿಸಿದರು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಸಾದ್ ಮತ್ತು ಸಂಗಡಿಗರು ಲೋಹದ ಮೇಲೆ ಲೋಹವನ್ನು ಹೀಗೆ ಪರೀಕ್ಷಿಸುತ್ತ ಹೋದರು. ಆ ನಕ್ಷೆಗಳ ಸಂಕಲನವನ್ನು ಪ್ರಸಾದ್ ಮತ್ತು ಎಸ್. ಶಶಿಧರ 1997ರಲ್ಲಿ ಹೊರತಂದರು. ನಕ್ಷೆಯ ಅಡ್ಡ ಅಕ್ಷದಲ್ಲಿ ಉಷ್ಣತೆ, ಲಂಬ ಅಕ್ಷದಲ್ಲಿ ವಿರೂಪದ ವೇಗ. ಒಳಗಿನ ಸುತ್ತುಗೆರೆಗಳು, ಕೊಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಲೋಹದ ಒಳರಚನೆಯನ್ನು ಬದಲಿಸಲು ಹೋಯಿತೆಂದು ಸೂಚಿಸುತ್ತವೆ.

ಹೊಸಬರು ನಕ್ಷೆಯ ಅತಿ ಎತ್ತರದ ಗುಡ್ಡ ಕಂಡು ಹಿಗ್ಗುತ್ತಾರೆ. ಹಳೆಯ ಕಣ್ಣಿಗೆ ಅಲ್ಲೇ ಗುಮಾನಿ. ಬಡಿತದ ನಡುವೆಯೇ ಹೊಸ ಸಣ್ಣ ಕಣಗಳು ಹುಟ್ಟಿದರೂ ಅಲ್ಲಿ ಗುಡ್ಡವೇಳುತ್ತದೆ, ಕಣಗಳ ಅಂಚಿನಲ್ಲಿ ಬಿರುಕು ಬಾಯ್ಬಿಟ್ಟರೂ ಏಳುತ್ತದೆ. ಒಳರಚನೆ ಬದಲಾಯಿಸಲು ಎರಡಕ್ಕೂ ಶಕ್ತಿ ಬೇಕಲ್ಲ! ಯಾವುದು ಯಾವುದೆಂದು ತಿಳಿಯಲು ತುಂಡನ್ನು ಉದ್ದಕ್ಕೆ ಸೀಳಿ, ಉಜ್ಜಿ ನಯಮಾಡಿ, ಆಮ್ಲ ಸೋಕಿಸಿ ಸೂಕ್ಷ್ಮದರ್ಶಕದಡಿ ಇಡದೆ ವಿಧಿಯಿಲ್ಲ. ನಕ್ಷೆಯ ಹಿಂದಿನ ಸಿದ್ಧಾಂತವನ್ನೇ ಮಾಂಟೆಯೆ, ಜೋನಾಸ್ ಮತ್ತು ನೀಲ್ 1996ರಲ್ಲಿ ಕಟುವಾಗಿ ಪ್ರಶ್ನಿಸಿದ್ದಾರೆ. ಆ ಜಗಳ ಏನೇ ಇರಲಿ, ಸೀಳಿ ನೋಡಿದ ತುಂಡು ಕೊಡುವ ಸಾಕ್ಷಿ ಬದಲಾಗುವುದಿಲ್ಲ.

ನಿಧಾನಕ್ಕೆ ಎಷ್ಟು ಬೆಲೆ ತೆರುತ್ತಾರೆಂದು ತಿಳಿಯಬೇಕಾದರೆ ಜೆಟ್ ಎಂಜಿನ್ನಿನ ಟರ್ಬೈನ್ ಡಿಸ್ಕ್ ನೋಡಬೇಕು. ಕೆಲವು ನಿಕ್ಕಲ್ ಮಿಶ್ರಲೋಹಗಳು ಬೇಗ ಒತ್ತಿದರೆ ಸೀಳುತ್ತವೆ, ತೆವಳಿದ ಹಾಗೆ ಒತ್ತಿದರೆ ಒಪ್ಪುತ್ತವೆ. ಅಷ್ಟು ಹೊತ್ತು ಲೋಹ ಆರಬಾರದಾದ್ದರಿಂದ ಡೈಯನ್ನೂ (ಒತ್ತುವ ಅಚ್ಚನ್ನೂ) ಬಿಲೆಟ್ಟಿನಷ್ಟೇ ಕಾಯಿಸಬೇಕು. ಆ ಬಿಸಿಗೆ ಉಕ್ಕಿನ ಡೈ ತಾಳದು, ಮಾಲಿಬ್ಡಿನಂ ಬೇಕು. ಮಾಲಿಬ್ಡಿನಂ ಗಾಳಿಯಲ್ಲಿ ಉರಿದುಹೋಗುವುದರಿಂದ ಡೈಯನ್ನೂ ಬಿಲೆಟ್ಟನ್ನೂ ನಿರ್ವಾತದ ಅಥವಾ ಜಡಾನಿಲದ ಕೋಣೆಯೊಳಗೆ ಕೂರಿಸಬೇಕು. ವೇಗವೊಂದನ್ನು ತಗ್ಗಿಸಲು ಇಷ್ಟೆಲ್ಲ ಸರಂಜಾಮು.

ಫೋರ್ಜಿಂಗ್ ಕುರಿತ ಪ್ರಬಂಧ ಕೈಗೆ ಬಂದರೆ ನಾನು ಬಣ್ಣಬಣ್ಣದ ನಕ್ಷೆಗಿಂತ ಮೊದಲು ಎರಡು ಸಂಗತಿ ಹುಡುಕುತ್ತೇನೆ. ಬಿರುಸಿನ ಪರೀಕ್ಷೆಯಲ್ಲಿ ತುಂಡು ತಾನಾಗಿ ಎಷ್ಟು ಬಿಸಿಯಾಯಿತೆಂದು ಅಳೆದು ಲೆಕ್ಕ ತಿದ್ದಿದ್ದಾರೆಯೇ? ಪರೀಕ್ಷೆಯ ವೇಗ ಎಲ್ಲಿಗೆ ನಿಂತಿದೆ? ಬಹಳಷ್ಟು ನಕ್ಷೆಗಳು ಸೆಕೆಂಡಿಗೆ 10ಕ್ಕೇ ಮುಗಿಯುತ್ತವೆ. ಹ್ಯಾಮರ್ ಏಟು ಅದನ್ನು ಸುಲಭವಾಗಿ ದಾಟುತ್ತದೆ. ಅಂಥ ನಕ್ಷೆಯನ್ನು ಹೈಡ್ರಾಲಿಕ್ ಪ್ರೆಸ್ ಇರುವವರು ಧಾರಾಳವಾಗಿ ಬಳಸಲಿ, ಹ್ಯಾಮರ್ ಇರುವವರು ತಮ್ಮ ವೇಗದಲ್ಲಿ ಹೊಸದಾಗಿ ಪರೀಕ್ಷೆ ಮಾಡಿಸಿಕೊಳ್ಳಲಿ.